ಸೇಂಟ್ ಆಂಡ್ರ್ಯೂಸ್‌ನಲ್ಲಿ ಓಪನ್: ಅಪ್ಪನನ್ನು ಕರೆದೊಯ್ಯುವವರಿಗೆ ಹೋಗಿಬಂದವರ ಮಾತು

ಪ್ರಶ್ನೆ

2027ರ ಜುಲೈನಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಗಾಲ್ಫಿನ ಓಪನ್ ಚಾಂಪಿಯನ್‌ಶಿಪ್ ನಡೆಯಲಿದೆ. ಆ ಹೊತ್ತಿಗೆ ಅಪ್ಪನಿಗೆ 72 ತುಂಬಿರುತ್ತದೆ. ಮೂವತ್ತು ವರ್ಷಗಳಿಂದ ಟಿ.ವಿ.ಯಲ್ಲಿ ನೋಡುತ್ತಾ ಬಂದ ಅಲ್ಲಿನ ಗಾಲ್ಫ್ ಮೈದಾನ ಓಲ್ಡ್ ಕೋರ್ಸನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಅಪ್ಪ, ಅಮ್ಮ, ನಾನು, ಮೂವರು ಹೋಗಬೇಕೆಂದಿದ್ದೇವೆ. ಈ ಒಂದು ಪ್ರವಾಸಕ್ಕೆ ಕೈ ಬಿಗಿಹಿಡಿಯಬಾರದೆಂದು ತೀರ್ಮಾನಿಸಿದ್ದೇನೆ, ಆದರೆ ಯಾವುದಕ್ಕೆ ಖರ್ಚು ಮಾಡಿದರೆ ಸಾರ್ಥಕ ಎಂಬುದು ತಿಳಿಯದು. ಅಪ್ಪನಿಗೆ ಮಂಡಿನೋವು ಇದೆ. ಅಮ್ಮನಿಗೆ ಗಾಲ್ಫ್ ಗೊತ್ತಿಲ್ಲ. ಹೋಗಿಬಂದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

2022ರಲ್ಲಿ 150ನೆಯ ಓಪನ್ ಅಲ್ಲೇ ನಡೆದಾಗ ನಮ್ಮ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ಅವರ ವಯಸ್ಸೂ ನಿಮ್ಮ ತಂದೆಯವರ ಆಸುಪಾಸಿನದೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹಣವಿದ್ದರೆ ಮೊದಲು ಊರೊಳಗಿನ ವಾಸ್ತವ್ಯಕ್ಕೆ ಹಾಕಿ. ಉಳಿದದ್ದೆಲ್ಲ ಆಮೇಲೆ. ನಾವು ಎಡಿನ್‌ಬರೋದ ಒಳ್ಳೆಯ ಹೋಟೆಲಿನಲ್ಲಿ ಉಳಿದೆವು, ಅಲ್ಲೇ ತಪ್ಪಿದೆವು. ಸೇಂಟ್ ಆಂಡ್ರ್ಯೂಸ್‌ನ ರೈಲು ನಿಲ್ದಾಣವನ್ನು 1969ರಲ್ಲೇ ಮುಚ್ಚಿದ್ದಾರೆ. ಎಡಿನ್‌ಬರೋದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಪ್ರಯಾಣಿಸಿ ಲೂಕರ್ಸ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದು, ಸರದಿಯಲ್ಲಿ ನಿಂತು ಬಸ್ಸು ಹಿಡಿಯಬೇಕು. ಸ್ವಂತ ಚಾಲಕನಿರುವ ಕಾರು ಮಾಡಿಕೊಂಡರೂ ಮೈದಾನದ ಸುತ್ತಲಿನ ರಸ್ತೆಗಳನ್ನು ಮುಚ್ಚಿರುವುದರಿಂದ ದೂರದಲ್ಲೇ ಇಳಿಯಬೇಕಾಗುತ್ತದೆ. ಓಪನ್‌ನಲ್ಲಿ ಎಲ್ಲ 156 ಆಟಗಾರರೂ ಒಂದನೆಯ ಟೀಯಿಂದಲೇ, ಅಂದರೆ ಆಟ ಶುರುವಾಗುವ ಜಾಗದಿಂದಲೇ, ಹೊರಡುವುದು ಪದ್ಧತಿ. ಬೆಳಗ್ಗೆ ಆರೂವರೆಗೆ ಮೊದಲ ಗುಂಪು ಹೊರಟರೆ ಮೊದಲೆರಡು ದಿನ ಕೊನೆಯ ಗುಂಪು ಮುಗಿಸುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಆಗಲೂ ಬೆಳಕಿರುತ್ತದೆ. ಅಷ್ಟು ಉದ್ದದ ದಿನವನ್ನು ಹಿರಿಯರು ಒಂದೇ ಉಸಿರಿನಲ್ಲಿ ಕಳೆಯಲಾರರು. ಮಧ್ಯಾಹ್ನ ಎರಡು ಗಂಟೆ ಮಲಗಿ, ಮತ್ತೆ ಸಂಜೆಯ ಆಟಕ್ಕೆ ಬರುವಷ್ಟು ಹತ್ತಿರ ಕೋಣೆಯಿರಬೇಕು. ನಮಗೆ ಆ ಅನುಕೂಲವಿರಲಿಲ್ಲ. ಮಾವನವರು ಎರಡನೆಯ ದಿನ ಸಂಜೆ ಬೇಲಿಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೈದಾನದ ಹದಿನೆಂಟು ಹೋಲ್‌ಗಳಲ್ಲಿ, ಅಂದರೆ ಚೆಂಡನ್ನು ಕುಳಿಗೆ ಸೇರಿಸುವ ಹಂತಗಳಲ್ಲಿ, ಹದಿನೇಳನೆಯದರ ಪಕ್ಕದ ಓಲ್ಡ್ ಕೋರ್ಸ್ ಹೋಟೆಲ್, ಹದಿನೆಂಟನೆಯದರ ಫೇರ್‌ವೇಗೆ (ಟೀಯಿಂದ ಕುಳಿಯತ್ತ ಹೋಗುವ ಹುಲ್ಲುಹಾದಿಗೆ) ಮುಖ ಮಾಡಿರುವ ರಸಾಕ್ಸ್ ಹೋಟೆಲ್, ಇವುಗಳಿಗೆ ಬರೆದು ನೋಡಿ, ಆದರೆ ಅವನ್ನೇ ನೆಚ್ಚಿ ಕೂರಬೇಡಿ. ಆ ವಾರ ಊರಿನ ಎಷ್ಟೋ ಮನೆಯವರು ತಮ್ಮ ಮನೆಗಳನ್ನೇ ಬಾಡಿಗೆಗೆ ಕೊಡುತ್ತಾರೆ. ನಾರ್ತ್ ಸ್ಟ್ರೀಟ್, ಮಾರ್ಕೆಟ್ ಸ್ಟ್ರೀಟ್, ಸೌತ್ ಸ್ಟ್ರೀಟ್, ಈ ಮೂರು ಬೀದಿಗಳಲ್ಲಿ ಎಲ್ಲಿ ಸಿಕ್ಕರೂ ಮೈದಾನಕ್ಕೆ ನಡೆದೇ ಹೋಗಬಹುದು. ಬಾಡಿಗೆ ಕೇಳಿ ಎದೆ ಧಸಕ್ಕೆನ್ನುವುದು ನಿಜ. ಆದರೂ ಮೂವರಿಗೆ ಒಂದು ಇಡೀ ಮನೆ, ನೆಲಮಾಳಿಗೆಯಲ್ಲೋ ಮೊದಲ ಮಹಡಿಯಲ್ಲೋ ಅಲ್ಲ, ನೆಲಮಟ್ಟದಲ್ಲೇ ಮಲಗುವ ಕೋಣೆ: ಅಪ್ಪನ ಮಂಡಿಗೆ ಇದಕ್ಕಿಂತ ದೊಡ್ಡ ಐಷಾರಾಮವಿಲ್ಲ.

ಟಿಕೆಟ್ ವಿಷಯ. ಸಾಮಾನ್ಯ ಟಿಕೆಟ್‌ಗಳು ಚೀಟಿ ಎತ್ತುವ ಕ್ರಮದಲ್ಲಿ ಹಂಚಿಕೆಯಾಗುತ್ತವೆ. ಅದಕ್ಕೆ ಓಪನ್‌ನ ‘ಒನ್ ಕ್ಲಬ್’ ಸದಸ್ಯತ್ವ ಬೇಕು, ಅದು ಉಚಿತ. ಮೂವರ ಹೆಸರಿನಲ್ಲೂ ಈಗಲೇ ನೋಂದಾಯಿಸಿ. ಪಂದ್ಯಕ್ಕೆ ಸುಮಾರು ಒಂದು ವರ್ಷ ಮೊದಲೇ ಅರ್ಜಿ ಕರೆಯುತ್ತಾರೆ. ಸೇಂಟ್ ಆಂಡ್ರ್ಯೂಸ್ ಎಂದರೆ ಬೇಡಿಕೆ ವಿಪರೀತ. 2022ರಲ್ಲಿ 2,90,000 ಜನ ಬಂದಿದ್ದರು. ಚೀಟಿಯಲ್ಲಿ ಬರದಿದ್ದರೆ ಉಳಿಯುವ ದಾರಿ ಆತಿಥ್ಯ ಟಿಕೆಟ್, ಅಂದರೆ ಊಟ, ಪಾನೀಯ, ಕೂರಲು ಜಾಗ ಎಲ್ಲ ಸೇರಿದ್ದು.

ಆ ಆತಿಥ್ಯ ಮಂಟಪದ ಬಗ್ಗೆ ನನ್ನ ಅಭಿಪ್ರಾಯ ನಿಷ್ಠುರವಾದದ್ದು. ಗಾಜಿನ ಹಿಂದೆ ಕುಳಿತು ಪರದೆಯ ಮೇಲೆ ಆಟ ನೋಡುವುದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಲಿಂಕ್ಸ್ ಎಂದರೆ ಸಮುದ್ರಕ್ಕೂ ಉಳುವ ಹೊಲಕ್ಕೂ ನಡುವಿನ ಮರಳುನೆಲ. ಅಲ್ಲಿ ಚೆಂಡು ಬಿದ್ದ ಮೇಲೂ ಉರುಳುತ್ತದೆ, ಗಾಳಿ ತಿರುಗಿದರೆ ಬೆಳಗಿನ ಮೈದಾನವೇ ಬೇರೆ, ಸಂಜೆಯದೇ ಬೇರೆ. ಮುಖಕ್ಕೆ ಗಾಳಿ ಹೊಡೆಯದೆ ಅದು ಅರ್ಥವಾಗುವುದಿಲ್ಲ.

ಎಲ್ಲಿ ನಿಲ್ಲಬೇಕು ಎನ್ನುವುದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಓಲ್ಡ್ ಕೋರ್ಸ್ ಪ್ರೇಕ್ಷಕರಿಗೆ ಸುಲಭದ ಮೈದಾನವಲ್ಲ. ಹೋಗುವ ಹೋಲ್‌ಗಳೂ ಬರುವ ಹೋಲ್‌ಗಳೂ ಒಂದರ ಪಕ್ಕ ಒಂದು ಮಲಗಿವೆ. ಏಳು ಗ್ರೀನ್‌ಗಳು, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸುಗಳು, ಎರಡೆರಡು ಹೋಲ್‌ಗಳಿಗೆ ಸೇರಿದ ಜೋಡಿ ಗ್ರೀನ್‌ಗಳು. ಎರಡಕ್ಕೆ ಹದಿನಾರು, ಮೂರಕ್ಕೆ ಹದಿನೈದು, ಹೀಗೆ ಕೂಡಿಸಿದರೆ ಪ್ರತಿ ಜೋಡಿಯೂ ಹದಿನೆಂಟಾಗುತ್ತದೆ. ಹೋಗುವಾಗ ಬಿಳಿ ಬಾವುಟ, ಬರುವಾಗ ಕೆಂಪು. ಜನರನ್ನು ಹೊರ ಅಂಚಿನಲ್ಲೇ ನಿಲ್ಲಿಸುವುದರಿಂದ ನಡುವಿನಲ್ಲಿ ಆಡುವವರು ಬೆರಳಿನಷ್ಟು ಕಾಣುತ್ತಾರೆ. ದುರ್ಬೀನು ಬೇಕೇ ಬೇಕು. ಒಬ್ಬ ಆಟಗಾರನ ಹಿಂದೆ ಹದಿನೆಂಟು ಹೋಲ್ ನಡೆಯುವ ಯೋಚನೆ ಬಿಡಿ. ಬೆಳಗ್ಗೆ ಬೇಗ ಹೋಗಿ ಅಟ್ಟಣಿಗೆಯಲ್ಲಿ ಜಾಗ ಹಿಡಿಯಿರಿ. ಅದಕ್ಕೆ ಬೇರೆ ಹಣವಿಲ್ಲ, ಮೊದಲು ಬಂದವರಿಗೆ ಮೊದಲು. ಒಂದನೆಯ ಟೀ ಮತ್ತು ಹದಿನೆಂಟನೆಯ ಗ್ರೀನ್ ಅಕ್ಕಪಕ್ಕದಲ್ಲೇ ಇವೆ, ಹೊರಡುವವರನ್ನೂ ಮುಗಿಸುವವರನ್ನೂ ಅಲ್ಲಿ ನೋಡಬಹುದು.

ನಾನು ಆಯ್ದುಕೊಳ್ಳುವುದಾದರೆ ಹದಿನೇಳು, ಆ ರೋಡ್ ಹೋಲ್. ಹೋಟೆಲಿನ ಮೂಲೆಯ ಮೇಲಿಂದ ಚೆಂಡು ಹಾರಿಸಬೇಕು. ಗ್ರೀನ್‌ನ ಮುಂದೆ ಬಾವಿಯಂತಹ ಮರಳುಗುಂಡಿ, ಅಂದರೆ ಬಂಕರ್, ಹಿಂದೆ ರಸ್ತೆ ಮತ್ತು ಕಲ್ಲಿನ ಗೋಡೆ. 2022ರ ಕೊನೆಯ ದಿನ ಆಸ್ಟ್ರೇಲಿಯಾದ ಆಟಗಾರ ಕ್ಯಾಮರಾನ್ ಸ್ಮಿತ್ ಆ ಬಂಕರಿನ ಹಿಂದೆ ಸಿಕ್ಕಿಕೊಂಡಾಗ ಚೆಂಡನ್ನು ಎತ್ತಿ ಹೊಡೆಯಲಿಲ್ಲ. ಚೆಂಡನ್ನು ನೆಲದಲ್ಲೇ ಉರುಳಿಸುವ ಪಟರ್ ಕೋಲು ಹಿಡಿದು ಬಂಕರಿನ ಅಂಚನ್ನು ಬಳಸಿ ಗ್ರೀನ್‌ಗೆ ಉರುಳಿಸಿದ, ಇನ್ನೊಂದು ಪಟ್ ಹಾಕಿ ಪಾರ್ (ಆ ಹೋಲಿಗೆ ನಿಗದಿಯಾದ ಹೊಡೆತಗಳ ಲೆಕ್ಕ) ಉಳಿಸಿಕೊಂಡ, ಆ ದಿನದ ಸುತ್ತನ್ನು 64 ಹೊಡೆತಗಳಲ್ಲಿ ಮುಗಿಸಿ ಗೆದ್ದ. ನಮ್ಮ ಸುತ್ತಲಿನ ಜನವೆಲ್ಲ ಉತ್ತರ ಐರ್ಲೆಂಡಿನ ಆಟಗಾರ ರೋರಿ ಮೆಕಿಲ್‌ರಾಯ್ ಗೆಲ್ಲಲೆಂದು ಕಾದವರು. ಆದರೂ ಆ ಪಟ್ ಒಳಗೆ ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವನವರು ನನ್ನ ಕೈ ಹಿಡಿದುಕೊಂಡಿದ್ದರು.

ಎರಡನೆಯ ಉತ್ತರ

ಮೇಲಿನವರು ವಾಸ್ತವ್ಯದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಆತಿಥ್ಯ ಟಿಕೆಟ್ ಬಗ್ಗೆ ಮಾತ್ರ ನಾನು ಒಪ್ಪುವುದಿಲ್ಲ. 2024ರಲ್ಲಿ ಓಪನ್ ನಡೆದ ಸ್ಕಾಟ್ಲೆಂಡಿನ ಇನ್ನೊಂದು ಮೈದಾನ ರಾಯಲ್ ಟ್ರೂನ್‌ಗೆ ಅಮ್ಮನ ಜೊತೆ ಹೋಗಿದ್ದೆ. ಶನಿವಾರ ಮಧ್ಯಾಹ್ನ ಮಳೆ ಮತ್ತು ಗಾಳಿ ಜೊತೆಯಾಗಿ ಬಂದವು. ‘ಪೋಸ್ಟೇಜ್ ಸ್ಟ್ಯಾಂಪ್’ ಎನ್ನುವ ಎಂಟನೆಯ ಹೋಲ್ ಬರಿಯ 123 ಗಜದ್ದು, ಅದನ್ನು ಮುಟ್ಟಲು ದೊಡ್ಡ ಆಟಗಾರರೇ ತಿಣುಕುತ್ತಿದ್ದರು. ನೋಡಲು ಅದ್ಭುತ, ಆದರೆ ಅರ್ಧ ಗಂಟೆಯಲ್ಲಿ ಅಮ್ಮನ ತುಟಿ ನೀಲಿಗಟ್ಟಿತು. ಆ ದಿನ ನಮ್ಮ ಬಳಿ ಆತಿಥ್ಯ ಟಿಕೆಟ್ ಇಲ್ಲದಿದ್ದರೆ ನೇರ ಕೋಣೆಗೆ ಮರಳಬೇಕಿತ್ತು. ಬೆಚ್ಚಗೆ ಕುಳಿತು, ಬಿಸಿಯಾದದ್ದು ಕುಡಿದು, ಸ್ವಚ್ಛವಾದ ಶೌಚಾಲಯ ಬಳಸಿ, ಮಳೆ ಇಳಿದ ಮೇಲೆ ಮತ್ತೆ ಹೊರಗೆ ಬಂದೆವು. ಹಿರಿಯರ ಜೊತೆ ಹೋಗುವವರು ನಾಲ್ಕೂ ದಿನಕ್ಕಲ್ಲದಿದ್ದರೂ ಒಂದು ದಿನಕ್ಕಾದರೂ ಅದನ್ನು ಕೊಳ್ಳಿ.

ಕೊಳ್ಳುವಾಗ ಒಂದು ಎಚ್ಚರಿಕೆ. ಪಂದ್ಯವನ್ನು ನಡೆಸುವ ಆರ್ ಅಂಡ್ ಎ ಸಂಸ್ಥೆ ತಾನು ಅಧಿಕೃತವೆಂದು ಒಪ್ಪಿದ ಮಾರಾಟಗಾರರ ಹೆಸರುಗಳನ್ನು ಪ್ರಕಟಿಸುತ್ತದೆ. ಅದರಲ್ಲಿ ಇಲ್ಲದವರಿಂದ ಕೊಳ್ಳಬೇಡಿ. ನನ್ನ ಪರಿಚಯದವರೊಬ್ಬರು ‘ಎಲ್ಲ ಸೇರಿದ ಪ್ಯಾಕೇಜ್’ ಎಂದು ಒಬ್ಬ ದಲ್ಲಾಳಿಗೆ ಮುಂಗಡ ಕೊಟ್ಟು, ಹೊರಡುವ ವಾರದವರೆಗೂ ಟಿಕೆಟ್ ಕೈಗೆ ಬರದೆ, ಕೊನೆಗೆ ಪ್ರವಾಸವನ್ನೇ ಕೈಬಿಟ್ಟರು. ಅಧಿಕೃತವಲ್ಲದ ಕಡೆ ಕೊಂಡ ಟಿಕೆಟನ್ನು ರದ್ದು ಮಾಡುವ ಹಕ್ಕು ಆಯೋಜಕರಿಗಿದೆ.

ಬಟ್ಟೆಯ ವಿಷಯದಲ್ಲಿ ಜುಲೈ ಎಂಬ ಹೆಸರಿಗೆ ಮೋಸಹೋಗಬೇಡಿ. ತೆಳುವಾದ ಮೂರು ಪದರ, ಮೇಲೆ ನೀರು ನುಗ್ಗದ ಜಾಕೆಟ್ ಮತ್ತು ಪ್ಯಾಂಟ್. ಆ ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಮೂರನೆಯ ಉತ್ತರ

ನಾನು ಸೇಂಟ್ ಆಂಡ್ರ್ಯೂಸ್ ಇರುವ ಫೈಫ್ ಪ್ರಾಂತ್ಯದಲ್ಲಿ ಕೆಲವು ವರ್ಷ ಕೆಲಸದಲ್ಲಿದ್ದೆ. ನಿಮ್ಮ ತಾಯಿಯವರ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಸೇಂಟ್ ಆಂಡ್ರ್ಯೂಸ್ ಗಾಲ್ಫ್ ಇಲ್ಲದಿದ್ದರೂ ನೋಡಬೇಕಾದ ಊರು. ಅಲ್ಲಿನ ವಿಶ್ವವಿದ್ಯಾಲಯ 1413ರದು. ಸಮುದ್ರದ ಅಂಚಿನಲ್ಲಿ ಹಾಳುಬಿದ್ದ ಕ್ಯಾಥೆಡ್ರಲ್ ಇದೆ, ಅದರ ಸ್ಮಶಾನದಲ್ಲಿ ಓಲ್ಡ್ ಟಾಮ್ ಮಾರಿಸ್ ಮತ್ತು ಅವನ ಮಗ ಯಂಗ್ ಟಾಮ್ ಇಬ್ಬರ ಸಮಾಧಿಗಳಿವೆ. ತಂದೆ ನಾಲ್ಕು ಸಲ ಓಪನ್ ಗೆದ್ದವನು. ಮಗ 1868ರಿಂದ 1870ರವರೆಗೆ ಮೂರು ಸಲ ಸತತವಾಗಿ ಗೆದ್ದ, 1871ರಲ್ಲಿ ಪಂದ್ಯವೇ ನಡೆಯಲಿಲ್ಲ, 1872ರಲ್ಲಿ ಮತ್ತೆ ಅವನೇ ಗೆದ್ದ. 1875ರಲ್ಲಿ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಅದೇ ವರ್ಷ ಕ್ರಿಸ್‌ಮಸ್ ದಿನ ಅವನೂ ಹೋದ, ವಯಸ್ಸು 24. ಅರವತ್ತು ಗಾಲ್ಫ್ ಸಂಘಗಳು ಹಣ ಸೇರಿಸಿ ನಿಲ್ಲಿಸಿದ ಕಲ್ಲಿನಲ್ಲಿ ಟೋಪಿ ಹಾಕಿಕೊಂಡು ಚೆಂಡಿನ ಮೇಲೆ ಬಾಗಿದ ಹುಡುಗನಿದ್ದಾನೆ. ಗಾಲ್ಫ್ ತಿಳಿಯದವರೂ ಅಲ್ಲಿ ಸ್ವಲ್ಪ ಹೊತ್ತು ಮೌನವಾಗಿ ನಿಲ್ಲುತ್ತಾರೆ.

ಪಂದ್ಯ ಮುಗಿದ ಮೇಲೆ ಮೂರು ದಿನವಾದರೂ ಉಳಿಯಿರಿ. ಜನ ಖಾಲಿಯಾಗಿರುತ್ತಾರೆ. ಕ್ರೇಲ್, ಪಿಟನ್‌ವೀಮ್ ಮುಂತಾದ ಮೀನುಗಾರರ ಹಳ್ಳಿಗಳು ಕಾರಿನಲ್ಲಿ ಹತ್ತಿರ. ಚಾಲಕನಿರುವ ಕಾರನ್ನು ಈ ದಿನಗಳಿಗೆ ಇಟ್ಟುಕೊಳ್ಳಿ, ಪಂದ್ಯದ ದಿನಗಳಿಗಲ್ಲ. ಆರ್ ಅಂಡ್ ಎ ಕ್ಲಬ್‌ಹೌಸ್‌ನ ಹಿಂದೆಯೇ ಗಾಲ್ಫ್ ವಸ್ತುಸಂಗ್ರಹಾಲಯವಿದೆ. ‘ಹಿಮಾಲಯಾಸ್’ ಎಂಬ ಹೆಸರಿನ ಪಟಿಂಗ್ ಹುಲ್ಲುಗಾವಲೊಂದಿದೆ, 1867ರಲ್ಲಿ ಸ್ಥಾಪನೆಯಾದ ಮಹಿಳೆಯರ ಕ್ಲಬ್ಬಿನದು. ಕೆಲವೇ ಪೌಂಡ್ ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಅಮ್ಮ ಅಲ್ಲಿ ಅಪ್ಪನನ್ನು ಸೋಲಿಸುವ ಸಾಧ್ಯತೆ ಚೆನ್ನಾಗಿಯೇ ಇದೆ.

ವೀಸಾ ಮರೆಯಬೇಡಿ. ಭಾರತದ ಪಾಸ್‌ಪೋರ್ಟ್ ಇದ್ದವರು ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಪ್ರಯಾಣದ ಮೂರು ತಿಂಗಳ ಮುಂಚಿನಿಂದ ಮಾತ್ರ ಅರ್ಜಿ ಹಾಕಲು ಸಾಧ್ಯ. ಅವಕಾಶ ತೆರೆದ ಕೂಡಲೇ ಹಾಕಿ.

ಪ್ರಶ್ನೆ ಕೇಳಿದವರು

ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ಎಲ್ಲರಿಗೂ ವಂದನೆಗಳು. ಎರಡು ಸಂದೇಹ. ಅಪ್ಪನಿಗೆ ಓಲ್ಡ್ ಕೋರ್ಸ್‌ನಲ್ಲಿ ಆಡಲು ಸಿಗುತ್ತದೆಯೇ? ನಾಲ್ಕೂ ದಿನ ಪಂದ್ಯಕ್ಕೆ ಹೋಗಬೇಕೇ?

ಮೊದಲು ಉತ್ತರಿಸಿದವರು

ನಾಲ್ಕೂ ದಿನ ಬೇಡ. ಮಂಗಳವಾರ ಅಥವಾ ಬುಧವಾರದ ಅಭ್ಯಾಸಕ್ಕೆ ಒಂದು ದಿನ ಇಡಿ. ಟಿಕೆಟ್ ಅಗ್ಗ, ಆಟಗಾರರು ನಿಂತು ಮಾತನಾಡುತ್ತಾರೆ, ಒಂದೇ ಜಾಗದಿಂದ ನಾಲ್ಕಾರು ಚೆಂಡು ಹೊಡೆದು ನೋಡುತ್ತಾರೆ. ಆಟ ಬಲ್ಲವರಿಗೆ ಅದು ಪಾಠವಿದ್ದಂತೆ. ಗುರುವಾರ ಇಡೀ ದಿನ, ಶುಕ್ರವಾರ ವಿಶ್ರಾಂತಿ, ಶನಿವಾರ ಮಧ್ಯಾಹ್ನದ ನಂತರ, ಭಾನುವಾರ ಬೆಳಗ್ಗೆಯಿಂದಲೇ ಅಟ್ಟಣಿಗೆಯಲ್ಲಿ. ಎರಡನೆಯವರು ಹೇಳಿದ ಆತಿಥ್ಯ ಟಿಕೆಟನ್ನು ಶನಿವಾರಕ್ಕೆ ತೆಗೆದುಕೊಳ್ಳಿ. ತುಟಿ ನೀಲಿಗಟ್ಟಿದ ಸಂಗತಿ ಓದಿದ ಮೇಲೆ ನನ್ನ ಹಟವನ್ನು ಅಷ್ಟರಮಟ್ಟಿಗೆ ಸಡಿಲಿಸಿದ್ದೇನೆ.

ಆ ಸಮಯದಲ್ಲಿ ಓಲ್ಡ್ ಕೋರ್ಸ್ ಆಡಲು ಸಿಗುವುದಿಲ್ಲ, ಚಾಂಪಿಯನ್‌ಶಿಪ್‌ಗಾಗಿ ಅದನ್ನು ಮೊದಲೇ ಮುಚ್ಚಿರುತ್ತಾರೆ. ಆದರೆ ಅದೇ ಊರಿನಲ್ಲಿ ಒಟ್ಟು ಏಳು ಸಾರ್ವಜನಿಕ ಮೈದಾನಗಳಿವೆ. ಅವುಗಳಲ್ಲಿ ಬಾಲ್ಗೋವ್ ಒಂಬತ್ತೇ ಹೋಲ್‌ಗಳದು, ಮಂಡಿಗೆ ಹೆಚ್ಚು ಶ್ರಮವಿಲ್ಲ. ಪಂದ್ಯದ ನಂತರ ಯಾವುದು ಯಾವಾಗ ತೆರೆಯುತ್ತದೆಂದು ಈ ಮೈದಾನಗಳನ್ನು ನಡೆಸುವ ಲಿಂಕ್ಸ್ ಟ್ರಸ್ಟ್‌ಗೆ ಬರೆದು ಕೇಳಿ. ಹಳೆಯ ಲಿಂಕ್ಸ್‌ಗಳಲ್ಲಿ ಬಗ್ಗಿ ಗಾಡಿ ಸುಲಭವಾಗಿ ಕೊಡುವುದಿಲ್ಲ, ವೈದ್ಯರ ಪತ್ರ ಜೊತೆಗಿರಲಿ. ಕ್ಯಾಡಿಯನ್ನು ಮಾತ್ರ ಖಂಡಿತ ತೆಗೆದುಕೊಳ್ಳಿ. ಚೀಲ ಹೊರುವುದು ಅವರ ಕೆಲಸದಲ್ಲಿ ಚಿಕ್ಕ ಪಾಲು. ಗ್ರೀನ್‌ಗೆ ಮೂವತ್ತು ಗಜ ಮುಂಚೆಯೇ ಚೆಂಡನ್ನು ಎಲ್ಲಿ ಇಳಿಸಿದರೆ ಅದು ಉರುಳಿ ಹೋಗುತ್ತದೆಂದು ಬೆರಳು ಚಾಚಿ ತೋರಿಸುತ್ತಾರೆ, ಅಪ್ಪ ಆ ಮಾತುಗಳನ್ನು ವರ್ಷಗಟ್ಟಲೆ ನೆನೆಯುತ್ತಾರೆ.

ಪ್ರಶ್ನೆ ಕೇಳಿದವರು

ಮೂವರ ಹೆಸರಿನಲ್ಲೂ ಇಂದೇ ನೋಂದಾಯಿಸಿದೆ. ನಾರ್ತ್ ಸ್ಟ್ರೀಟ್‌ನ ಎರಡು ಮನೆಗಳಿಗೆ ಪತ್ರ ಬರೆದಿದ್ದೇನೆ, ನೆಲಮಟ್ಟದ ಕೋಣೆ ಬೇಕೆಂದು ಮೊದಲ ಸಾಲಿನಲ್ಲೇ ಹೇಳಿದ್ದೇನೆ. ಉತ್ತರಗಳನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಯಂಗ್ ಟಾಮ್‌ನ ಸಮಾಧಿಯ ವಿಷಯ ಬಂದಾಗ ನಿಲ್ಲಿಸಲು ಹೇಳಿ, ಆ ಹುಡುಗನ ಅಪ್ಪ ಮಗನ ನಂತರ ಎಷ್ಟು ವರ್ಷ ಬದುಕಿದ್ದ ಎಂದು ಕೇಳಿದರು. ಹುಡುಕಿ ನೋಡಿದೆ. 1908ರವರೆಗೆ, ಮೂವತ್ತೆರಡು ವರ್ಷಕ್ಕೂ ಹೆಚ್ಚು. ಹೋದ ಮೊದಲ ದಿನವೇ ಅಲ್ಲಿಗೆ ಹೋಗೋಣ ಎಂದರು ಅಮ್ಮ.