ವೆಬ್ ಡೆವಲಪರ್‌ಗೆ ಎಮ್ಯುಲೇಟರ್ ಬರೆಯೋಕೆ ಜಾವಾಸ್ಕ್ರಿಪ್ಟ್ ಸಾಕಾ?

ಪ್ರಶ್ನೆ:
ಕೆಲಸದಲ್ಲಿ ದಿನವಿಡೀ ರಿಯಾಕ್ಟ್ ಫಾರ್ಮ್, ಲಾಗಿನ್ ಪೇಜ್, ಪೇಮೆಂಟ್ ಜೋಡಣೆ. ಅದೂ ಇಷ್ಟಾನೇ, ಆದರೆ ಕಂಪ್ಯೂಟರ್ ಒಳಗೆ ನಿಜವಾಗಿ ಏನು ನಡೆಯುತ್ತದೆ ಅಂತ ಕೈಯಾರೆ ಮಾಡಿ ನೋಡುವ ಆಸೆ ಈಗೀಗ ಜಾಸ್ತಿ ಆಗಿದೆ. ರಜಾ ದಿನಗಳಲ್ಲಿ ಹಳೇ ಗೇಮ್‌ಗಳ ಎಮ್ಯುಲೇಟರ್ (ಹಳೇ ಯಂತ್ರದಂತೆ ನಡೆದು ಅದರ ಗೇಮ್ ಓಡಿಸುವ ಪ್ರೋಗ್ರಾಂ) ಬರೆಯಬೇಕು. ಸಿ ಭಾಷೆ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಜಾವಾಸ್ಕ್ರಿಪ್ಟ್ ಧಾರಾಳವಾಗಿ ಸಾಕು. ನೇರವಾಗಿ ಗೇಮ್ ಬಾಯ್‌ಗೆ (ನಿಂಟೆಂಡೊದ ಹಳೇ ಗೇಮ್ ಯಂತ್ರ) ಕೈ ಹಾಕಬೇಡಿ, ಚಿಪ್-8 ಮೊದಲು ಮಾಡಿ. ಅದು ಸರಳ ಗೇಮ್‌ಗಳಿಗೆಂದು 1970ರ ದಶಕದಲ್ಲಿ ಜೋಸೆಫ್ ವೈಸ್‌ಬೆಕರ್ ರೂಪಿಸಿದ ಕಾಲ್ಪನಿಕ ಪುಟ್ಟ ಕಂಪ್ಯೂಟರ್. ಮೆಮೊರಿ 4096 ಬೈಟ್, ರಿಜಿಸ್ಟರ್ (ಲೆಕ್ಕಕ್ಕೆ ಸಂಖ್ಯೆ ಇಡುವ ಪುಟ್ಟ ಜಾಗ) 16, ಸ್ಕ್ರೀನ್ 64×32 ಪಿಕ್ಸೆಲ್. ಮೆಮೊರಿಗೂ ರಿಜಿಸ್ಟರ್‌ಗೂ ಯುಇಂಟ್8ಅರೇ (0ಯಿಂದ 255ರವರೆಗಿನ ಸಂಖ್ಯೆಗಳನ್ನಷ್ಟೇ ಇಡುವ ಪಟ್ಟಿ) ಬಳಸಿ, 255 ದಾಟಿದ ಸಂಖ್ಯೆ ತಾನಾಗೇ ಸುತ್ತಿಕೊಂಡು 0ಯಿಂದ ಶುರುವಾಗುತ್ತದೆ. ಗೇಮ್ ಫೈಲನ್ನು 512ನೇ ವಿಳಾಸದಿಂದ ತುಂಬಿ, ಎರಡೆರಡು ಬೈಟ್‌ನ ಒಂದೊಂದು ಆದೇಶ ಓದುತ್ತಾ ಹೋಗಿ, ಯಾವ ಆದೇಶಕ್ಕೆ ಏನು ಮಾಡಬೇಕು ಅಂತ ಒಂದು ದೊಡ್ಡ ಸ್ವಿಚ್ ಬರೆದರೆ ಮುಕ್ಕಾಲು ಕೆಲಸ ಮುಗಿಯಿತು.

ಉತ್ತರ 2:
ನನಗೆ ತುಂಬಾ ಹಿಡಿಸುವುದು ಚಿತ್ರ ಬಿಡಿಸುವ ಭಾಗ. ಎಲ್ಲಾ ಎಕ್ಸ್‌ಓಆರ್ ಲೆಕ್ಕ (ಎರಡು ಬಿಟ್ ಬೇರೆಯಾದರೆ 1, ಒಂದೇ ಆದರೆ 0). ಅದೇ ಸ್ಪ್ರೈಟನ್ನು (ಗೇಮ್‌ನ ಪುಟ್ಟ ಚಿತ್ರವನ್ನು) ಅದೇ ಜಾಗದಲ್ಲಿ ಇನ್ನೊಮ್ಮೆ ಬಿಡಿಸಿದರೆ ಅಳಿಸಿಹೋಗುತ್ತದೆ, ಹಾಗೆ ಬೆಳಗಿದ್ದ ಪಿಕ್ಸೆಲ್ ಒಂದಾದರೂ ಆರಿದರೆ ವಿಎಫ್ ಎಂಬ ರಿಜಿಸ್ಟರ್‌ನ ಬೆಲೆ 1 ಆಗುತ್ತದೆ. ಚೆಂಡು ಬ್ಯಾಟಿಗೆ ತಗುಲಿತಾ ಅಂತ ಗೇಮ್‌ಗೆ ತಿಳಿಯುವುದು ಅದರಿಂದಲೇ. ಎಷ್ಟು ಚೆಂದದ ಉಪಾಯ ಅಲ್ವಾ!

ಪ್ರಶ್ನೆ ಕೇಳಿದವರು:
ಬ್ರೌಸರ್‌ನಲ್ಲಿ ಚಿತ್ರ ಬಿಡಿಸುವ ಕ್ಯಾನ್ವಾಸ್ ಗೊತ್ತಿದೆ. ವೇಗ ಹೇಗೆ ಹಿಡಿಯುವುದು? ಸುಮ್ನೆ ರಿಕ್ವೆಸ್ಟ್‌ಆನಿಮೇಷನ್‌ಫ್ರೇಮ್ (ಪ್ರತಿ ಸಲ ಸ್ಕ್ರೀನ್ ಬಿಡಿಸುವ ಮುನ್ನ ನಮ್ಮ ಕೋಡನ್ನು ಬ್ರೌಸರ್ ಕರೆಯುವ ವ್ಯವಸ್ಥೆ) ಸಾಕಾ?

ಉತ್ತರ 1:
ಅದನ್ನೊಂದನ್ನೇ ನಂಬಬೇಡಿ. ಚಿಪ್-8 ಟೈಮರ್‌ಗಳಲ್ಲಿನ ಎಣಿಕೆ ಸೆಕೆಂಡಿಗೆ 60 ಸಲ ಒಂದೊಂದಾಗಿ ಇಳಿಯಬೇಕು, 144 ಹರ್ಟ್ಸ್ ಮಾನಿಟರ್‌ನಲ್ಲಿ ಆ ಕರೆ ಸಾಮಾನ್ಯವಾಗಿ 144 ಸಲ ಬರುತ್ತದೆ. ಕಳೆದ ಸಮಯವನ್ನು ಬೇರೆಯಾಗಿ ಕೂಡಿಸಿಟ್ಟು, ಅದಕ್ಕೆ ತಕ್ಕಂತೆ ಟೈಮರ್ ಇಳಿಸಿ.