ಅಪ್‌ಡೇಟ್: ಈಪರ್‌ನಿಂದ ನವ್ ಶಪೆಲ್‌ಗೆ

ಎರಡೇ ದಿನಗಳಲ್ಲಿ ಮೊದಲನೆಯ ಮಹಾಯುದ್ಧದ ಯಾವ ರಣಭೂಮಿಗಳನ್ನು ನೋಡಬಹುದು ಎಂದು ಇಲ್ಲಿ ಕೇಳಿದ್ದೆ. ಫ್ರಾನ್ಸಿನ ಸೊಮ್ ರಣಭೂಮಿ ಬಿಟ್ಟು ಬೆಲ್ಜಿಯಂನ ಈಪರ್‌ಗೆ ಸಮಯ ಕೊಡಿ ಎಂದ ನಿಮ್ಮ ಸಲಹೆ ಸರಿಯಾಗಿತ್ತು. ಅಲ್ಲಿನ ಹಳೆಯ ಬಟ್ಟೆ ಮಾರುಕಟ್ಟೆ ಕಟ್ಟಡವಾದ ಕ್ಲಾತ್ ಹಾಲ್‌ನ ಯುದ್ಧ ಮ್ಯೂಸಿಯಂಗೇ ಅರ್ಧ ದಿನ ಹಿಡಿಯಿತು. ಸಮಾಧಿಯ ಗುರುತೇ ಇಲ್ಲದ 54,000ಕ್ಕೂ ಹೆಚ್ಚು ಯೋಧರ ಹೆಸರುಗಳಿರುವ ಮೆನಿನ್ ಗೇಟ್‌ನ ಕಮಾನಿನಡಿ ರಾತ್ರಿ 8ಕ್ಕೆ ಮಡಿದ ಯೋಧರಿಗೆ ಗೌರವ ಸಲ್ಲಿಸುವ ಲಾಸ್ಟ್ ಪೋಸ್ಟ್ ಕಹಳೆ ಮೊಳಗಿದಾಗ, ಪಕ್ಕದಲ್ಲಿದ್ದ ಪುಟ್ಟ ಮಗುವೂ ಅಲುಗಾಡದೆ ನಿಂತಿತ್ತು.

ಮರುದಿನ ಟ್ಯಾಕ್ಸಿಯಲ್ಲಿ ಗಡಿ ದಾಟಿ, 1915ರ ಮಾರ್ಚ್‌ನಲ್ಲಿ ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಹೋರಾಡಿದ ಫ್ರಾನ್ಸಿನ ನವ್ ಶಪೆಲ್‌ಗೆ ಹೋದೆ. ಅಲ್ಲಿನ ಭಾರತೀಯ ಸ್ಮಾರಕ 1927ರಲ್ಲಿ ಅನಾವರಣಗೊಂಡಿತು. ಕಮಲವನ್ನು ಹೊತ್ತ ಎತ್ತರದ ಕಂಬ, ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಹೆಸರುಗಳು. ಸಿಂಗ್, ಖಾನ್, ಥಾಪಾ, ನೇಗಿ ಎಂದು ಬೆರಳಿಟ್ಟು ಓದುತ್ತಾ ಹೋದಂತೆ ಕಣ್ಣು ತುಂಬಿ ಬಂತು. ನಾನಿದ್ದ ಒಂದು ಗಂಟೆಯಲ್ಲಿ ಬೇರೆ ಯಾರೂ ಬರಲಿಲ್ಲ. ಆ ಕಡೆ ಹೋಗುವವರು ದಯವಿಟ್ಟು ಇದನ್ನು ಬಿಡಬೇಡಿ.