ರಬ್ಬರ್ ಎಂಜಿನಿಯರ್‌ಗೆ ಕೇಳಿ: ಕೋಲಾರ ಹೈನುಗಾರರ ಬಳಗ

ಶ್ರೀನಿವಾಸಪುರದ ಸದಸ್ಯೆ: ಸಾರ್, ಹಾಲು ಕರೆಯೋ ಮಷೀನಿನ ಲೈನರ್ (ಹಸುವಿನ ಮೊಲೆಗೆ ಹಾಕೋ ಸ್ಟೀಲ್ ಕಪ್‌ ಒಳಗಿನ ರಬ್ಬರ್ ಕೊಳವೆ) ಎರಡೇ ತಿಂಗಳಿಗೆ ಹರೀತಿದೆ. ಎಂಟು ಹಸು, ದಿನಕ್ಕೆರಡು ಸಲ, ಒಂದೇ ಸೆಟ್. ಸೀಮೆಎಣ್ಣೆ ಒರೆಸಿದ್ರೆ ರಬ್ಬರ್ ಮೆತ್ತಗಾಗಿ ಬಾಳಿಕೆ ಬರುತ್ತಂತೆ, ವಿಡಿಯೊ ಬಂದಿತ್ತು. ಒರೆಸಲಾ?

ಎಂಜಿನಿಯರ್, ಮಾಲೂರು: ಬೇಡವೇ ಬೇಡ ಅಕ್ಕ. ಹಾಲೂ ಕೆಡುತ್ತೆ, ರಬ್ಬರೂ ಉಬ್ಬಿ ಕೆಡುತ್ತೆ. ಮೆತ್ತಗಾಗೋದು ಬೇರೆ, ಹರಿಯದೆ ತಡೆಯೋದು ಬೇರೆ. ನಿಮ್ಮ ಲೆಕ್ಕವೇ ನನಗೆ ಚಿಂತೆ. ರಬ್ಬರ್ ಲೈನರಿಗೆ ಸುಮಾರು 2500 ಸಲ ಕರೆಯೋವರೆಗೆ ಆಯಸ್ಸು ಅಂತಾರೆ. ದಿನಕ್ಕೆ 16 ಅಂದ್ರೆ ಐದು ತಿಂಗಳು ಬರಬೇಕು. ನಿಮಗೆ 1000 ಕೂಡ ಆಗ್ತಿಲ್ಲ. ಲೈನರ್ ನಿಮಿಷಕ್ಕೆ ಸುಮಾರು 60 ಸಲ ಮುಚ್ಚಿ ತೆರೆಯುತ್ತೆ. ಸಣ್ಣದೊಂದು ಗಾಯ ಇದ್ರೂ ಎಳೆತವೆಲ್ಲ ಅದರ ತುದಿಗೇ ಸೇರುತ್ತೆ. ಬಟ್ಟೆ ಅಂಗಡಿಯಲ್ಲಿ ಅಂಚಿಗೆ ಕತ್ತರಿ ತಾಗಿಸಿ ಸರ್ರಂತ ಹರೀತಾರಲ್ಲ, ಹಾಗೆ. ಬಿರುಕು ಹೇಗಿದೆ ನೋಡಿ: ಅಡ್ಡಡ್ಡ ಸಣ್ಣಸಣ್ಣ ಸಾಲಿದ್ರೆ ಗಾಳಿಯ ಓಝೋನ್ ಕೆಲಸ, ಎಳೆದು ಕೂರಿಸಿದ ರಬ್ಬರನ್ನ ಅದು ಹಾಗೇ ಸೀಳೋದು. ಒಂದೇ ಉದ್ದ ಬಿರುಕಾದ್ರೆ ಏನೋ ಕುಯ್ತಿದೆ.

ಮುಳಬಾಗಿಲು ಸದಸ್ಯ: ಕೊಬ್ಬರಿ ಎಣ್ಣೆ?

ಎಂಜಿನಿಯರ್: ಬೇಡ.

ಬಂಗಾರಪೇಟೆ ಸದಸ್ಯ: ಡೀಸೆಲ್ ಆಗುತ್ತಾ ಸಾರ್?

ಎಂಜಿನಿಯರ್: ಮೇಲೆ ಓದಿ.

ಮುಳಬಾಗಿಲು ಸದಸ್ಯ: ಈಗಿನ ರಬ್ಬರೇ ಕಲಬೆರಕೆ. ಕರಿ ಮಸಿ ತುಂಬಿ ಮಾರ್ತಾರೆ.

ಮಾಲೂರು ಸದಸ್ಯ: ಮಸಿ ಇಲ್ದಿದ್ರೆ ಟೈರ್ ನಾಲ್ಕು ದಿನ ಬರಲ್ಲ. ಗೊತ್ತಿಲ್ದೆ ಮಾತಾಡ್ಬೇಡಿ.

ಮುಳಬಾಗಿಲು ಸದಸ್ಯ: ನಮಗೆ ಗೊತ್ತಿಲ್ಲ ಅನ್ನೋಕೆ ನೀವ್ಯಾರು? ಇಪ್ಪತ್ತು ವರ್ಷದಿಂದ ಹಸು ಕಟ್ಟಿದೀನಿ.

ಎಂಜಿನಿಯರ್: ಇಬ್ಬರೂ ನಿಲ್ಲಿಸಿ. ಆ ಕರಿ ಮಸಿ, ಅಂದ್ರೆ ಕಾರ್ಬನ್ ಬ್ಲ್ಯಾಕ್, ಕಲಬೆರಕೆಯಲ್ಲ, ಸವೆತ ತಡೆಯೋದೇ ಅದು.

ಚಿಂತಾಮಣಿ ಸದಸ್ಯ: ಸಿಲಿಕೋನ್ ಲೈನರ್ ರೇಟ್ ಎಷ್ಟು?

ಕೆಜಿಎಫ್ ಡಿಪ್ಲೊಮಾ ವಿದ್ಯಾರ್ಥಿ: ಸಾರ್, ಗಂಧಕ ಜಾಸ್ತಿ ಹಾಕಿದ್ರೆ ಹರಿಯದ ಹಾಗೆ ಆಗಲ್ವಾ?

ಎಂಜಿನಿಯರ್: ಒಳ್ಳೇ ಪ್ರಶ್ನೆ. ಅತಿಯಾದ್ರೆ ಗಡಸಾಗುತ್ತೆ, ಬೇಗ ಹರಿಯುತ್ತೆ. ಗಂಧಕ ರಬ್ಬರಿನ ಎಳೆಗಳ ನಡುವೆ ಗಂಟು ಹಾಕುತ್ತೆ, ಗಂಟು ಹೆಚ್ಚಿದಷ್ಟೂ ಹಿಗ್ಗೋಕೆ ಜಾಗ ಇರಲ್ಲ. ಹರಿಯದ ಹಾಗೆ ಮಾಡೋಕೆ ಬೇರೆ ದಾರಿಯೂ ಇದೆ. 2003ರಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಜಿಯಾನ್ ಪಿಂಗ್ ಗಾಂಗ್ ಅವರ ತಂಡ ಎರಡು ಬಲೆ ಒಂದರೊಳಗೊಂದು ಹೆಣೆದ ಜೆಲ್ ಮಾಡಿತು. ಬಿಗಿ ಬಲೆ ಮೊದಲು ಅಲ್ಲಲ್ಲಿ ಕಡಿದು ಎಳೆತದ ಶಕ್ತಿಯನ್ನ ನುಂಗುತ್ತೆ, ಸಡಿಲ ಬಲೆ ಎಲ್ಲವನ್ನೂ ಹಿಡಿದಿಟ್ಕೊಳ್ಳುತ್ತೆ. ನೂರಕ್ಕೆ ತೊಂಬತ್ತರಷ್ಟು ನೀರು, ಆದ್ರೂ ಸುಲಭಕ್ಕೆ ಹರಿಯಲ್ಲ. ಓದ್ತಾ ಹೋಗಪ್ಪ, ಇದರಲ್ಲಿ ಮಾಡೋ ಕೆಲಸ ಬೇಕಾದಷ್ಟಿದೆ.

ಬಂಗಾರಪೇಟೆ ಸದಸ್ಯ: (ಸೀಮೆಎಣ್ಣೆ ವಿಡಿಯೊ ಫಾರ್ವರ್ಡ್) ಇಲ್ಲಿ ಲಕ್ಷ ಜನ ನೋಡಿದಾರೆ.

ಎಂಜಿನಿಯರ್: ಅಳಿಸ್ರೀ ಅದನ್ನ. ಮಕ್ಕಳು ಕುಡಿಯೋ ಹಾಲು ಸಾಗೋ ರಬ್ಬರ್ ಅದು.

ಶ್ರೀನಿವಾಸಪುರದ ಸದಸ್ಯೆ: ಒಂದೇ ಉದ್ದ ಬಿರುಕು ಸಾರ್. ನಾಲ್ಕು ಕಪ್‌ಗಳಲ್ಲಿ ಯಾವಾಗ್ಲೂ ಅದೇ ಒಂದು ಕಪ್‌ನಲ್ಲಿ ಹರಿಯೋದು.

ಎಂಜಿನಿಯರ್: ಆ ಸ್ಟೀಲ್ ಕಪ್‌ನ ಬಾಯಂಚಿಗೆ ಹತ್ತಿ ಆಡಿಸಿ.

ಶ್ರೀನಿವಾಸಪುರದ ಸದಸ್ಯೆ: ಎಳೆ ಸಿಕ್ಕಿಕೊಳ್ತು!

ಎಂಜಿನಿಯರ್: ಅಲ್ಲಿರೋ ಚೂಪೇ ರಬ್ಬರನ್ನ ಕುಯ್ತಿರೋದು. ನಯವಾದ ಎಮರಿ ಪೇಪರಲ್ಲಿ ಉಜ್ಜಿ, ಚೆನ್ನಾಗಿ ತೊಳೆದು, ನಾಲ್ಕಕ್ಕೂ ಹೊಸ ಲೈನರ್ ಹಾಕಿ ಅಕ್ಕ.